ನೀರು ಕುಡಿದ ಎಂಜಿನು

ಕೆಟ್ಟುಹೋದ ವಸ್ತುವನ್ನು ಕಂಡಾಗ ಮನುಷ್ಯರು ಎರಡು ಪಂಗಡವಾಗುತ್ತಾರೆ. "ಇನ್ನೂ ಎರಡು ವರ್ಷ ಬರುತ್ತದೆ, ರಿಪೇರಿ ಮಾಡಿಸೋಣ" ಎನ್ನುವವರದು ಒಂದು. "ಇದಕ್ಕೆ ಸುರಿಯುವ ದುಡ್ಡಿಗೆ ಹೊಸದೇ ಬರುತ್ತದೆ" ಎನ್ನುವವರದು ಇನ್ನೊಂದು. ಒಂದೇ ಮನೆಯಲ್ಲಿ ಈ ಎರಡೂ ಪಂಗಡದವರು ಇರುವುದು ಸಾಮಾನ್ಯ. ಅವರು ಗಂಡಹೆಂಡಿರೇ ಆಗಿರುವುದೂ ಉಂಟು. ನಮ್ಮ ಮನೆಯಲ್ಲಿ ಮೊದಲನೆಯ ಪಂಗಡ ನನ್ನದು. ನನ್ನ ಕೊಡೆಗೆ ಬಟ್ಟೆ ಎರಡು ಸಲ, ಕಡ್ಡಿ ಮೂರು ಸಲ, ಹಿಡಿ ಒಂದು ಸಲ ಬದಲಾಗಿದೆ. ಆದರೂ ಅದು ನಾನು ಕಾಲೇಜಿಗೆ ಸೇರಿದ ವರ್ಷ ಕೊಂಡ ಕೊಡೆಯೇ ಎಂಬುದು ನನ್ನ ವಾದ. "ಆ ಕೊಡೆಯಲ್ಲಿ ಹಳೆಯದಾಗಿ ಉಳಿದಿರುವುದು ಅದನ್ನು ಹಿಡಿಯುವ ಕೈ ಒಂದೇ" ಎಂಬುದು ನನ್ನ ಹೆಂಡತಿಯ ಪ್ರತಿವಾದ.

ಈ ಜಗಳ ಇಂದಿನದೇನೂ ಅಲ್ಲ. ಬೌದ್ಧರ 'ಮಿಲಿಂದಪ್ರಶ್ನೆ'ಯಲ್ಲಿ ನಾಗಸೇನನೆಂಬ ಭಿಕ್ಷು ಮಿಲಿಂದ ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಅಚ್ಚು ರಥವೆ? ಚಕ್ರ ರಥವೆ? ನೊಗ ರಥವೆ? ರಾಜ ಎಲ್ಲದಕ್ಕೂ ಅಲ್ಲವೆನ್ನಬೇಕಾಗುತ್ತದೆ. ಪಾಠ ಹೇಳುವುದಕ್ಕೆ ಬಹಳ ಸೊಗಸಾದ ಪ್ರಶ್ನೆ. ಆದರೆ ಆ ರಥದ ಅಚ್ಚು ಮುರಿದಾಗ ಅದನ್ನು ಬೆಸೆಯಬೇಕೋ ಹೊಸದು ಹಾಕಬೇಕೋ, ಅದರ ಖರ್ಚು ಯಾರದು ಎಂಬುದು ನಾಗಸೇನನಿಗೆ ಸಂಬಂಧಪಟ್ಟ ವಿಷಯವಲ್ಲ. ಅದು ರಥ ಓಡಿಸಿ ಹೊಟ್ಟೆ ಹೊರೆಯುವವನ ಪ್ರಶ್ನೆ. ಅಂಥ ಪ್ರಶ್ನೆಯೊಂದು ಈಚೆಗೆ ಮಲ್ಪೆಯ ಕಡಲತೀರದಿಂದ ನನ್ನನ್ನು ಹುಡುಕಿಕೊಂಡು ಬಂತು.

ಮಲ್ಪೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಮೀನುಗಾರರ ಮನೆಯ ಹುಡುಗ. ಬಿ.ಎ. ಮುಗಿಸಿದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಊರಿಗೇ ಮರಳಿ, ಪ್ರವಾಸಿಗರನ್ನು ಕೂರಿಸಿಕೊಂಡು ಅಲೆಗಳ ಮೇಲೆ ಓಡುವ ನೀರಿನ ಸ್ಕೂಟರೊಂದನ್ನು ಕೊಂಡ. ಜನ ಅದನ್ನು ಜೆಟ್ ಸ್ಕೀ ಎನ್ನುತ್ತಾರೆ. ಅದು ಕವಾಸಾಕಿ ಎಂಬ ಜಪಾನಿನ ಕಂಪೆನಿ 1970ರ ದಶಕದ ಆರಂಭದಲ್ಲಿ ತನ್ನ ವಾಹನಕ್ಕೆ ಇಟ್ಟ ಹೆಸರು. ನಮ್ಮಲ್ಲಿ ವನಸ್ಪತಿ ತುಪ್ಪವೆಲ್ಲ ಡಾಲ್ಡಾ ಆದ ಹಾಗೆ, ಈಗ ಯಾರು ಮಾಡಿದ್ದಾದರೂ ಜೆಟ್ ಸ್ಕೀಯೇ. ಹುಡುಗ ಕೊಂಡದ್ದು ಸೆಕೆಂಡ್ ಹ್ಯಾಂಡು. ತಂದೆ ಬೋಟಿನಲ್ಲಿದ್ದ ತನ್ನ ಪಾಲನ್ನು ಮಾರಿ ಕೊಟ್ಟ ಹಣ ಸ್ವಲ್ಪ, ತಾಯಿಯ ಬಳೆ ಅಡವಿಟ್ಟದ್ದು ಸ್ವಲ್ಪ, ಸಹಕಾರಿ ಸಂಘದ ಸಾಲ ಉಳಿದದ್ದು. ಆ ಸಾಲಕ್ಕೆ ಜಾಮೀನು ಹಾಕಿದ ಇಬ್ಬರಲ್ಲಿ ನಾನೂ ಒಬ್ಬ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯಲ್ಲಿ ಅವನ ಫೋನು ಬಂತು. "ಸರ್, ಗಾಡಿ ನೀರು ಕುಡಿದಿದೆ. ಎಂಜಿನು ಜಾಮ್. ಒಮ್ಮೆ ಬಂದು ಹೋಗಿ."

"ಎಂಜಿನಿನ ವಿಷಯ ನನಗೇನು ಗೊತ್ತಯ್ಯಾ?" ಎಂದೆ.

"ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ ಸರ್, ನೀವು ಬಂದರೆ ಒಂದು ಧೈರ್ಯ."

ನನ್ನ ಹೆಂಡತಿ ಇದರ ಟೀಕೆಯನ್ನು ಒಂದೇ ವಾಕ್ಯದಲ್ಲಿ ಮಾಡಿದಳು: "ಅವನು ನಿಮ್ಮನ್ನು ಕರೆಯುತ್ತಿರುವುದು ಎಂಜಿನು ನೋಡುವುದಕ್ಕಲ್ಲ, ಜಾಮೀನು ನೆನಪು ಮಾಡುವುದಕ್ಕೆ."

ಉಡುಪಿಯಿಂದ ಮಲ್ಪೆಗೆ ದೂರವೇನಿಲ್ಲ. ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ, ಕಷ್ಟಕ್ಕೆ ಸಿಕ್ಕಿದ ಹಡಗನ್ನು ದಡಕ್ಕೆ ತಂದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯಲ್ಲಿ ಉಡುಪಿಯ ಕೃಷ್ಣ ದೊರೆತನೆಂದೂ ಐತಿಹ್ಯವಿರುವುದು ಇದೇ ಕಡಲತೀರಕ್ಕೆ. ನನ್ನ ಹೆಗಲ ಮೇಲೆ ಉತ್ತರೀಯವಿರಲಿಲ್ಲ. ಕೈಯಲ್ಲಿ ಹಳೆಯ ಕೊಡೆಯಿತ್ತು.

ದಕ್ಕೆಯ ಹಿಂದಿನ ಒಂದು ತಗಡಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ಪಕ್ಕದಲ್ಲಿ ಮೇಸ್ತ್ರಿ. ಮೀನಿನ ಬೋಟುಗಳ ಎಂಜಿನುಗಳಲ್ಲಿ ತಲೆ ನೆರೆಸಿಕೊಂಡ ಹಿರಿಯರು. ಒಂದು ಸ್ಟೂಲಿನ ಮೇಲೆ ಹುಡುಗನ ತಂದೆ. ಮೇಸ್ತ್ರಿಗಳು ಸೀಟನ್ನು ತೆಗೆದು ನನಗೆ ಒಳಗೆ ತೋರಿಸಿದರು. ನಾನು ಇಂಥ ವಾಹನದ ಹಿಂದೆ, ಬೋಟಿಗಿರುವಂತೆ, ಹೊರಗೆ ತಿರುಗುವ ಫ್ಯಾನು ಇರುತ್ತದೆಂದು ತಿಳಿದಿದ್ದೆ. ಹಾಗಲ್ಲ. ಎಂಜಿನು ಒಂದು ದಂಡವನ್ನು ತಿರುಗಿಸುತ್ತದೆ. ಆ ದಂಡದ ತುದಿಯಲ್ಲಿ ಒಂದು ಕೊಳವೆಯೊಳಗೆ ಎಲೆಗಳಿರುವ ಚಕ್ರ. ಅದು ಗಾಡಿಯ ಅಡಿಯಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಉಗುಳುತ್ತದೆ. ಉಗುಳಿದ ರಭಸಕ್ಕೆ ಗಾಡಿ ಮುಂದಕ್ಕೆ ನೆಗೆಯುತ್ತದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಎಂಬುವರು 1950ರ ದಶಕದಲ್ಲಿ ಆಳವಿಲ್ಲದ ಹೊಳೆಗಳಲ್ಲಿ ದೋಣಿ ಓಡಿಸಲು ಈ ಉಪಾಯವನ್ನು ಬಳಕೆಗೆ ತಂದರು. ಅದನ್ನು ಒಬ್ಬರು ಸವಾರಿ ಮಾಡುವ ಸ್ಕೂಟರಿಗೆ ಹೊಂದಿಸಲು 1960ರ ದಶಕದಲ್ಲಿ ಹೆಣಗಿದವರು ಕ್ಲೇಟನ್ ಜೇಕಬ್‌ಸನ್ ಎಂಬ ಅಮೆರಿಕದ ಮೋಟಾರ್‌ಸೈಕಲ್ ಸವಾರರು. ಎಂಜಿನನ್ನು ತಣ್ಣಗಿಡುವುದಕ್ಕೂ ಆ ಕೊಳವೆಯ ನೀರೇ. ಈ ಗಾಡಿಯಲ್ಲಿ ರೇಡಿಯೇಟರ್ ಇಲ್ಲ. ಕಡಲಿನ ಉಪ್ಪು ನೀರೇ ಎಂಜಿನಿನ ಮೈಯೊಳಗೆ ಹಾದು, ಹೊಗೆಯ ಕೊಳವೆಯನ್ನೂ ತಣಿಸಿ ಹೊರಗೆ ಹೋಗುತ್ತದೆ. ನೀರು ಇರಬೇಕಾದ ದಾರಿಯಲ್ಲಿ ಇರುವಷ್ಟು ಹೊತ್ತು ಅದು ಪ್ರಾಣ ಕಾಯುತ್ತದೆ. ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದರೆ ಪ್ರಾಣ ತೆಗೆಯುತ್ತದೆ.

"ಹೇಗೆ ಸರಿಯಿತು?" ಎಂದು ಕೇಳಿದೆ.

ಮೇಸ್ತ್ರಿಗಳು ಕಿಸೆಯಿಂದ ಒಂದು ನೀಲಿ ನೈಲಾನು ತುಂಡನ್ನು ತೆಗೆದು ಬೆಂಚಿನ ಮೇಲಿಟ್ಟರು. ಹರಿದು ಬಿಸಾಡಿದ ಬಲೆಯ ಚೂರು. ಗಾಡಿ ದಡದಿಂದ ಸಾಕಷ್ಟು ದೂರದಲ್ಲಿದ್ದಾಗ ಇದು ಚಕ್ರಕ್ಕೆ ಸುತ್ತಿಕೊಂಡಿದೆ, ಗಾಡಿ ನಿಂತಿದೆ. ಅಷ್ಟರಲ್ಲಿ ಎಂಜಿನಿಗೆ ಏನೂ ಆಗಿರಲಿಲ್ಲ. ಬಂದರಿಗೆ ಮರಳುತ್ತಿದ್ದ ಒಂದು ಬೋಟಿನವರು ಕಂಡು, ಪಾಪ, ಹಗ್ಗ ಕಟ್ಟಿ ಎಳೆದು ತಂದಿದ್ದಾರೆ. ತಂಡೇಲನಿಗೆ ಮೀನು ಇಳಿಸುವ ಅವಸರ; ವೇಗವಾಗಿಯೇ ಎಳೆದಿದ್ದಾನೆ. ಎಳೆಯುವ ರಭಸಕ್ಕೆ ಕೊಳವೆಯೊಳಗೆ ನುಗ್ಗಿದ ನೀರು ತಣಿಸುವ ದಾರಿಯಲ್ಲಿ ಮೇಲಕ್ಕೇರಿದೆ. ಎಂಜಿನು ಓಡುತ್ತಿದ್ದರೆ ಹೊಗೆಯ ಒತ್ತಡ ಆ ನೀರನ್ನು ಹೊರಕ್ಕೆ ದೂಡುತ್ತಿತ್ತು. ನಿಂತ ಎಂಜಿನಿಗೆ ಉಸಿರೆಲ್ಲಿಯದು? ನೀರು ಹೊಗೆಯ ಕೊಳವೆಯಲ್ಲಿ ತುಂಬಿ, ತೆರೆದಿದ್ದ ಕವಾಟದ ಮೂಲಕ ಸಿಲಿಂಡರಿಗೆ ಇಳಿದಿದೆ. ದಡ ಮುಟ್ಟಿದ ಮೇಲೆ, ಕೆಲಸಕ್ಕಿದ್ದ ಹುಡುಗ ಬಲೆಯ ತುಂಡನ್ನು ಬಿಡಿಸಿ, ಉತ್ಸಾಹದಿಂದ ಸ್ಟಾರ್ಟ್ ಬಟನ್ ಒತ್ತಿದ್ದಾನೆ.

"ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರನ್ನು ಒತ್ತಿದರೆ ಕುಗ್ಗುವುದಿಲ್ಲ" ಎಂದರು ಮೇಸ್ತ್ರಿಗಳು. "ಪಿಸ್ಟನ್ ಮೇಲೆ ಹೋಗಬೇಕು, ನೀರು ಬಿಡುವುದಿಲ್ಲ. ಇಬ್ಬರ ನಡುವೆ ಬಗ್ಗಬೇಕಾದವನು ಯಾರು? ಕನೆಕ್ಟಿಂಗ್ ರಾಡು."

ಸಂಸಾರದಲ್ಲಿ ಇಂಥ ಕನೆಕ್ಟಿಂಗ್ ರಾಡುಗಳನ್ನು ನೀವೂ ನೋಡಿರಬಹುದು.

ಆದರೂ, ಅವರು ಹೇಳಿದಂತೆ, ಆಗಲೇ ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನು ತಿರುಗಿಸಿ ನೀರನ್ನು ಚಿಮ್ಮಿಸಿ ಹೊರಹಾಕಿ, ಆಯಿಲನ್ನು ಮತ್ತೆ ಮತ್ತೆ ಬದಲಿಸಿ, ಒಳಗೆ ಎಣ್ಣೆ ಸಿಂಪಡಿಸಿದ್ದರೆ ನಷ್ಟ ಒಂದು ರಾಡಿಗೆ ಮುಗಿಯುತ್ತಿತ್ತು. ಆ ಮೊದಲ ಕೆಲವು ಗಂಟೆಗಳೇ ಮುಖ್ಯ. ಹುಡುಗನ ಮನೆಯಲ್ಲಿ ಅಕ್ಕನ ಮದುವೆ. ಗಾಡಿ ಮೂರು ದಿನ ಹಾಗೆಯೇ ನಿಂತಿತು. ಉಪ್ಪು ನೀರು ಮದುವೆಯ ಊಟಕ್ಕೆ ಕಾಯುವುದಿಲ್ಲ. ಆಯಿಲಿನ ಬಿರಡೆ ತೆಗೆದಾಗ ಬಂದದ್ದು ಹಾಲು ಬೆರೆತ ಕಾಫಿಯ ಬಣ್ಣದ ನೊರೆ.

ನಾನು ಹೋದ ದಿನ ಪ್ರಶ್ನೆ ಹೀಗೆ ನಿಂತಿತ್ತು: ಬಿಚ್ಚಿ ರಿಪೇರಿ ಮಾಡುವುದೆ, ಎಂಜಿನನ್ನೇ ಬದಲಿಸುವುದೆ, ಅಥವಾ ಬಂದಷ್ಟು ಬರಲಿ ಎಂದು ಗಾಡಿಯನ್ನು ಮಾರಿಬಿಡುವುದೆ? ಹುಡುಗನಿಗೆ ರಿಪೇರಿಯ ಮೇಲೆ ಮನಸ್ಸು. ಒಂದು ರಾಡು, ಒಂದು ಪಿಸ್ಟನ್, ಒಂದು ಗ್ಯಾಸ್ಕೆಟ್ಟು. ಇದ್ದ ಹಣದಲ್ಲಿ ಆಗುವುದು ಅದೊಂದೇ. ನನ್ನ ಸ್ವಭಾವವೂ ಆ ಕಡೆಗೇ ವಾಲುವುದೆಂದು ಓದುಗರಿಗೆ ತಿಳಿದೇ ಇದೆ. ಆದರೆ ಕೊಡೆಯ ಶಾಸ್ತ್ರವನ್ನು ಎಂಜಿನಿಗೆ ಹೇಳುವುದು ತರವಲ್ಲವೆಂದು ಬಾಯಿ ಮುಚ್ಚಿ ಕುಳಿತೆ.

ಮೇಸ್ತ್ರಿಗಳು ಯಾವ ಪಕ್ಷವನ್ನೂ ಹಿಡಿಯಲಿಲ್ಲ. "ತೆರೆದು ನೋಡದೆ ಹೇಳುವವನು ಜೋಯಿಸ, ನಾನು ಮೇಸ್ತ್ರಿ" ಎಂದರು. ಒಂದು ತೆಳುವಾದ ಕಡ್ಡಿಯನ್ನು ನಾಲ್ಕು ಪ್ಲಗ್ಗಿನ ತೂತುಗಳಲ್ಲಿಯೂ ಒಂದೊಂದಾಗಿ ಇಳಿಬಿಟ್ಟು, ಎಂಜಿನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪ್ರತಿಯೊಂದು ಪಿಸ್ಟನ್ ಎಷ್ಟು ಮೇಲಕ್ಕೆ ಬರುತ್ತದೆಂದು ಗುರುತು ಹಾಕಿದರು. ಮೂರು ಗುರುತುಗಳು ಒಂದೇ ಮಟ್ಟಕ್ಕೆ, ನಾಲ್ಕನೆಯದು ಕೆಳಗೆ. ಬಗ್ಗಿದ ರಾಡು ಅದೇ. ಆಮೇಲೆ ಮಾಪಕ ಹಚ್ಚಿ ಒತ್ತಡ ನೋಡಿದರು. ಅಂಕಿ ದೊಡ್ಡದಿದ್ದರೆ ಸಾಲದಂತೆ, ನಾಲ್ಕೂ ಒಂದಕ್ಕೊಂದು ಹತ್ತಿರವಿರಬೇಕಂತೆ. ತರಗತಿಯ ಸರಾಸರಿ ಅಂಕ ಚೆನ್ನಾಗಿದ್ದೂ ಹಿಂದಿನ ಬೆಂಚಿನವನು ನಪಾಸಾಗುವುದನ್ನು ಕಂಡ ನನಗೆ ಇದು ಕೂಡಲೆ ಅರ್ಥವಾಯಿತು. ಅದರಲ್ಲಿಯೂ ನಾಲ್ಕನೆಯವನೇ ನಪಾಸು. ಹುಡುಗನ ಮುಖ ಅರಳಿತು. "ನೋಡಿ ಸರ್, ಒಂದೇ ಹೋಗಿರುವುದು!"

"ಒಂದೇ ಹೋಗಿರುವುದು ಕಾಣುತ್ತದೆ, ಉಳಿದ ಮೂರು ಉಳಿದಿರುವುದು ಇನ್ನೂ ಕಾಣಲಿಲ್ಲ" ಎಂದರು ಮೇಸ್ತ್ರಿಗಳು. "ನಾಲ್ಕೂ ಒಂದೇ ಆಯಿಲು ಕುಡಿದವರು."

ಎಂಜಿನನ್ನು ಹೊರಗೆ ಎತ್ತುವ ಕೂಲಿ ಯಾವ ದಾರಿ ಹಿಡಿದರೂ ತಪ್ಪದು. ಆದುದರಿಂದ ಎತ್ತಿಯೇ ಬಿಡೋಣವೆಂದು ತೀರ್ಮಾನವಾಯಿತು. ಎಂಟು ದಿನ ಬಿಟ್ಟು ಮತ್ತೆ ಹೋದೆ. ಜೂನ್ ಹಿಡಿದಿತ್ತು. ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧ. ಅರುವತ್ತೊಂದು ದಿನ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈತಾಗಿಸಿ ನಿಂತಿರುತ್ತವೆ. ರಿಪೇರಿಯ ಕಾಲವೆಂದರೆ ಅದೇ. ಎಲ್ಲೆಲ್ಲೂ ಸುತ್ತಿಗೆಯ ಸದ್ದು, ಬಣ್ಣದ ವಾಸನೆ, ಹೊರಗೆ ಕಡಲಿನ ಮೊರೆತ.

ಮೇಸ್ತ್ರಿಗಳು ಕ್ರ್ಯಾಂಕ್ ದಂಡವನ್ನು ಬಟ್ಟೆಯ ಮೇಲೆ ಇಟ್ಟಿದ್ದರು. ಕನ್ನಡಿಯಂತೆ ಹೊಳೆಯಬೇಕಾದ ಕಡೆಗಳಲ್ಲಿ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಕುಳಿಗಳು. ನನ್ನ ಹೆಬ್ಬೆರಳನ್ನು ಹಿಡಿದು ಉಗುರಿನಿಂದ ಅದರ ಮೇಲೆ ಎಳೆಸಿದರು. ಉಗುರು ತಡೆಯಿತು. "ಉಗುರಿಗೆ ತಡೆದರೆ ಬೇರಿಂಗಿಗೂ ತಡೆಯುತ್ತದೆ." ಮೂರು ದಿನದ ಮದುವೆಯ ಉಡುಗೊರೆ ಅದು.

ಆಮೇಲೆ ಅವರು ಲೆಕ್ಕ ಹೇಳಿದರು. ಲಕ್ಷ, ಸಾವಿರಗಳ ಲೆಕ್ಕ ಕೇಳಿದರೆ ಎದೆ ಒಡೆಯುತ್ತದೆಂದು ನೂರು ರೂಪಾಯಿಯ ಲೆಕ್ಕದಲ್ಲಿ ಹೇಳುವುದು ಅವರ ಪದ್ಧತಿ. "ಹೊಚ್ಚ ಹೊಸ ಎಂಜಿನಿಗೆ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. ನಾಲ್ಕನೆಯದನ್ನು ಮಾತ್ರ ತೇಪೆ ಹಾಕಿದರೆ ಇಪ್ಪತ್ತು. ಕ್ರ್ಯಾಂಕು, ನಾಲ್ಕು ರಾಡು, ಬೇರಿಂಗು, ಪಿಸ್ಟನ್ ಎಲ್ಲ ಹೊಸದು ಹಾಕಿ ಕಟ್ಟಿದರೆ ಅರುವತ್ತು. ಇದೇ ಮಾದರಿಯ, ಬೇರೆ ಗಾಡಿಯಿಂದ ಕಳಚಿದ ಹಳೆ ಎಂಜಿನು ಸಿಕ್ಕಿದರೆ, ತಂದು ಕೂರಿಸುವುದೂ ಸೇರಿ ನಲವತ್ತೈದು. ಈಗ ಇದ್ದ ಹಾಗೆ ಮಾರಿದರೆ ಕೈಗೆ ಬರುವುದು ಇಪ್ಪತ್ತೈದು. ಓಡುವ ಸ್ಥಿತಿಯಲ್ಲಿ ಮಾರಿದರೆ ನೂರ ಹತ್ತು."

ಲೆಕ್ಕದಲ್ಲಿ ನಾನು ಹಿಂದೆ. ಆದರೂ ಇಷ್ಟು ತಿಳಿಯಿತು: ಇಪ್ಪತ್ತೈದರ ಗಾಡಿಗೆ ನೂರರ ಎಂಜಿನು ಹಾಕಿದರೆ ನೂರ ಇಪ್ಪತ್ತೈದಾಗುತ್ತದೆ, ಪೇಟೆಯಲ್ಲಿ ಅದಕ್ಕೆ ನೂರ ಹತ್ತು. ನನ್ನ ಹೆಂಡತಿಯ ಪಂಗಡ ಅಲ್ಲಿಗೆ ಸೋತಿತು. ಅರುವತ್ತರ ದಾರಿ ಲೆಕ್ಕಕ್ಕೆ ಒಳ್ಳೆಯದು. ಆದರೆ ಕ್ರ್ಯಾಂಕು ಹೊರದೇಶದಿಂದ ಬರಬೇಕು. ಸುಂಕ ಕಟ್ಟಿ ಬಿಡಿಸಬೇಕು. ಸಿಲಿಂಡರಿನ ಗೋಡೆಗಳ ಕೆಲಸಕ್ಕೆ ದೊಡ್ಡ ವರ್ಕ್‌ಷಾಪಿಗೆ ಕಳುಹಿಸಬೇಕು. ನವರಾತ್ರಿಯ ರಜೆ ಖಂಡಿತ ತಪ್ಪುತ್ತದೆ, ಕ್ರಿಸ್‌ಮಸ್ ರಜೆಯೂ ತಪ್ಪಬಹುದು. ಈ ಗಾಡಿ ದುಡಿಯುವುದೇ ಅಂಥ ರಜೆಗಳಲ್ಲಿ. ಸಂಘದ ಕಂತು ಮಾತ್ರ ಪ್ರತಿ ತಿಂಗಳೂ ದುಡಿಯುತ್ತದೆ. ವಿಮೆ ಇದ್ದದ್ದು ಇತರರಿಗೆ ಆಗುವ ಅಪಾಯಕ್ಕೆ, ಎಂಜಿನಿಗಲ್ಲ.

ಹುಡುಗ ಮತ್ತೆ ಇಪ್ಪತ್ತಕ್ಕೇ ಬಂದ. "ಕ್ರ್ಯಾಂಕನ್ನು ಉಜ್ಜಿ ನುಣುಪು ಮಾಡಿ ಹಾಕೋಣ ಮೇಸ್ತ್ರಿಗಳೇ. ಒಂದು ಸೀಸನ್ ಓಡಿದರೆ ಸಾಕು. ಮತ್ತೆ ನೋಡಿಕೊಳ್ಳುವ." ಅವನ ದನಿಯಲ್ಲಿ ಲೆಕ್ಕವಿರಲಿಲ್ಲ, ಬೇಡಿಕೆಯಿತ್ತು. ಮೇಸ್ತ್ರಿಗಳು ನನ್ನ ಮುಖ ನೋಡಿದರು. ಜಾಮೀನುದಾರನಾಗಿ ನನಗೂ ಇಪ್ಪತ್ತೇ ಹಿತವಾಗಿ ಕಾಣಬೇಕಾಗಿತ್ತು: ಹೊಸ ಸಾಲವಿಲ್ಲ, ಹೊಸ ಸಹಿಯಿಲ್ಲ. ಆದರೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಗಾಡಿ, ಆ ಕುಳಿಬಿದ್ದ ದಂಡವನ್ನು ನಂಬಿ, ದಡದಿಂದ ಅಷ್ಟು ದೂರ ಓಡುವುದನ್ನು ನೆನೆದರೆ ನಾಲಗೆ ಏಳಲಿಲ್ಲ.

ಆಗ ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಸುಮ್ಮನಿದ್ದ ತಂದೆ ಮಾತನಾಡಿದರು. ಅವರ ಮಾತು ತುಳು. ನನ್ನ ಕನ್ನಡದಲ್ಲಿ ಅದರ ಬಿಗಿ ಬಾರದು. "ನನ್ನ ಅಪ್ಪನ ಕಾಲಕ್ಕೆ ಹತ್ತಿ ನೂಲಿನ ಬಲೆ. ಹರಿದರೆ ಕೂತು ಹೆಣೆಯುತ್ತಿದ್ದರು. ಆದರೆ ಹೆಣೆಯುವ ಮೊದಲು ತೂತಿನ ಸುತ್ತಲಿನ ನೂಲನ್ನು ಎಳೆದು ನೋಡುತ್ತಿದ್ದರು. ನೂಲು ಗಟ್ಟಿ ಇದ್ದರೆ ಎಷ್ಟು ದೊಡ್ಡ ತೂತಾದರೂ ಹೆಣೆಯಬಹುದು. ನೂಲೇ ಕೊಳೆತಿದ್ದರೆ ಸಣ್ಣ ತೂತನ್ನೂ ಹೆಣೆಯಬಾರದು. ಹೊಸ ಗಂಟು ಗಟ್ಟಿ ನಿಲ್ಲುತ್ತದೆ, ಅದರ ಪಕ್ಕದ ಹಳೆ ನೂಲು ಹರಿಯುತ್ತದೆ. ಮೀನು ಬಿದ್ದ ದಿನವೇ ಹರಿಯುತ್ತದೆ."

ಯಾರೂ ಏನೂ ಹೇಳಲಿಲ್ಲ. ನಾನು ಇಷ್ಟು ವರ್ಷ ರಿಪೇರಿಯ ಪಂಗಡ, ಬದಲಾವಣೆಯ ಪಂಗಡ ಎಂದು ಎರಡನ್ನೇ ಎಣಿಸುತ್ತಿದ್ದೆ. ಮೂರನೆಯದೊಂದು ಇದೆ, ಅದು ನೂಲು ಎಳೆದು ನೋಡುವವರ ಪಂಗಡ. ತೂತು ಎಷ್ಟು ದೊಡ್ಡದೆಂದು ಅವರು ಮೊದಲು ಕೇಳುವುದಿಲ್ಲ. ಉಳಿದದ್ದು ಹೊಲಿಗೆಯನ್ನು ತಾಳುತ್ತದೆಯೆ ಎಂದು ಕೇಳುತ್ತಾರೆ. ಕ್ರ್ಯಾಂಕು ನೂಲು, ಅದು ಕೊಳೆತಿದೆ. ಗಾಡಿಯ ಒಡಲು, ನೀರು ಉಗುಳುವ ಕೊಳವೆ, ಚಕ್ರ, ತಂತಿಗಳು ಗಟ್ಟಿಯಾಗಿವೆ. ಹಾಗಾದರೆ ಎಂಜಿನಿಗೆ ತೇಪೆ ಬೇಡ. ಗಾಡಿಯನ್ನು ಮಾರುವುದೂ ಬೇಡ. ನಲವತ್ತೈದರ ದಾರಿಯನ್ನು ಹುಡುಕಬೇಕು.

ಹಳೆಯ ಎಂಜಿನನ್ನು ಕೊಳ್ಳುವುದೆಂದರೆ ಇನ್ನೊಬ್ಬರ ಗುಟ್ಟನ್ನು ಕೊಂಡ ಹಾಗೆ. ಮೇಸ್ತ್ರಿಗಳು ಅದಕ್ಕೆ ಕಟ್ಟುಪಾಡು ಹಾಕಿದರು. ಕಳಚಿಟ್ಟ ಎಂಜಿನನ್ನು ಫೋಟೋ ನೋಡಿ ಕೊಳ್ಳಕೂಡದು. ನಾಲ್ಕು ಸಿಲಿಂಡರಿನ ಒತ್ತಡವನ್ನು ಕಣ್ಣೆದುರು ಅಳೆಯಬೇಕು. ಆಯಿಲಿನ ಬಿರಡೆ ತೆಗೆದು ಬಣ್ಣ ನೋಡಬೇಕು. ಎಷ್ಟು ಗಂಟೆ ಓಡಿದೆಯೆಂದು ಕೇಳಬೇಕು. ಈ ವಾಹನಗಳ ಆಯುಸ್ಸನ್ನು ಮೈಲಿಗಳಲ್ಲಿ ಎಣಿಸುವುದಿಲ್ಲ, ಗಂಟೆಗಳಲ್ಲಿ ಎಣಿಸುತ್ತಾರೆ. ಬಾಡಿಗೆಗೆ ಓಡುವ ಗಾಡಿ ಒಂದೇ ಸೀಸನ್ನಿನಲ್ಲಿ ಮುದುಕಾಗುತ್ತದೆ. ಅದು ಯಾಕೆ ಕಳಚಲ್ಪಟ್ಟಿತು ಎಂಬುದಕ್ಕೆ ನಂಬುವಂಥ ಉತ್ತರ ಬೇಕು. ಆಗಸ್ಟಿನಲ್ಲಿ ಗೋವೆಯ ಕಡೆ, ಬಂಡೆಗೆ ಬಡಿದು ಒಡಲು ಸೀಳಿದ ಗಾಡಿಯೊಂದರ ಎಂಜಿನು ಸಿಕ್ಕಿತು. ಅಲ್ಲಿಗೆ ಮೇಸ್ತ್ರಿಗಳೇ ಹೋಗಿ, ಉಗುರನ್ನಲ್ಲದಿದ್ದರೂ ಮಾಪಕವನ್ನು ಆಡಿಸಿ, ಒಪ್ಪಿ ತಂದರು. ಸಾಲದ ಮೇಲೆ ಇನ್ನೊಂದು ಸಣ್ಣ ಸಾಲವಾಯಿತು. ಅದಕ್ಕೂ ಸಹಿ ಹಾಕಿದೆ. ಮನೆಯಲ್ಲಿ ಆ ದಿನ ಊಟಕ್ಕೆ ಸಾರು ಮಾತ್ರವಿತ್ತು.

ಹಳೆಯ ಎಂಜಿನನ್ನು ಗುಜರಿಗೆ ಹಾಕಲಿಲ್ಲ. ಅದರ ಸ್ಟಾರ್ಟರ್, ಮೇಲಿನ ಹೆಡ್ಡು, ನೆಟ್ಟಗಿದ್ದ ಮೂರು ರಾಡುಗಳು ಎಣ್ಣೆ ಸವರಿಸಿಕೊಂಡು ಅಟ್ಟ ಏರಿವೆ. ಇದು ಅದೇ ಗಾಡಿಯೆ ಎಂದು ನಾಗಸೇನ ಕೇಳಿದರೆ ಉತ್ತರ ಸಿದ್ಧವಿದೆ: ಒಡಲಿನ ಮೇಲೆ ಅಚ್ಚೊತ್ತಿದ ಸಂಖ್ಯೆ ಅದೇ ಇದೆ; ಎಂಜಿನಿನ ಸಂಖ್ಯೆ ಮಾತ್ರ ಬೇರೆ, ಅದನ್ನು ಕಾಗದಪತ್ರಗಳಲ್ಲಿ ತಿದ್ದಿಸಿದ್ದಾಯಿತು. ತತ್ತ್ವಶಾಸ್ತ್ರ ಬಿಡಿಸಲಾರದ ಗಂಟನ್ನು ಗುಮಾಸ್ತೆ ಬಿಡಿಸಿದ.

ಆದರೆ ಮೇಸ್ತ್ರಿಗಳು ಕೆಲಸ ಮುಗಿಯಿತೆನ್ನಲಿಲ್ಲ. "ಕಾರಣ ಉಳಿಸಿಕೊಂಡು ಎಂಜಿನು ಬದಲಿಸಿದರೆ ಈ ಎಂಜಿನಿಗೂ ಅದೇ ಜಾತಕ" ಎಂದು ತಣಿಸುವ ನೀರಿನ ಪೈಪಿಗೆ ಹಾಕುವ ಒಂದು ಹಿಡಿಕೆಯನ್ನು ಸೀಟಿನ ಕೆಳಗೆ ಕಟ್ಟಿದರು. ಎಳೆಸಿಕೊಂಡು ಬರಬೇಕಾದಾಗ ಪೈಪನ್ನು ಅದರಿಂದ ಬಿಗಿದರೆ ನೀರು ಮೇಲೇರದು. ಈ ಎಚ್ಚರಿಕೆಗಳೆಲ್ಲ ಗಾಡಿಯ ಕೈಪಿಡಿಯಲ್ಲಿ ಮೊದಲೇ ಇದ್ದವು, ಇಂಗ್ಲಿಷಿನಲ್ಲಿ. ಬಟನ್ ಒತ್ತಿದ ಹುಡುಗನೂ ಹಗ್ಗ ಎಳೆದ ತಂಡೇಲನೂ ಓದಬಲ್ಲವರೇ; ಓದಬಲ್ಲ ಭಾಷೆಯಲ್ಲಿ ಯಾರೂ ಬರೆದಿರಲಿಲ್ಲ. "ಸರ್, ನೀವು ಕನ್ನಡದಲ್ಲಿ ಬರೆದುಕೊಡಿ, ಸ್ಟಿಕರ್ ಮಾಡಿಸುತ್ತೇನೆ" ಎಂದ ನನ್ನ ಶಿಷ್ಯ. ಅಂತೂ ಈ ವ್ಯವಹಾರದಲ್ಲಿ ಕನ್ನಡ ಅಧ್ಯಾಪಕನಿಗೊಂದು ಕೆಲಸ ಒದಗಿತು.

ರಾತ್ರಿ ಕುಳಿತು ಬರೆದೆ: 'ವಾಹನವನ್ನು ಅಧಿಕ ವೇಗದಲ್ಲಿ ಎಳೆಯತಕ್ಕದ್ದಲ್ಲ. ಎಳೆಯುವುದಕ್ಕೆ ಮೊದಲು ಶೀತಕ ಜಲವಾಹಿನಿಯನ್ನು ಬಂಧಿಸತಕ್ಕದ್ದು. ಜಲಪ್ರವೇಶದ ಸಂದೇಹವಿದ್ದಲ್ಲಿ ಯಂತ್ರವನ್ನು ಚಾಲನೆಗೊಳಿಸಕೂಡದು.' ಮರುದಿನ ಓದಿ ಹೇಳಿದಾಗ ಹುಡುಗ ಗೌರವದಿಂದ ತಲೆಯಾಡಿಸಿದ. ಅವನ ತಂದೆ ಮಾತ್ರ ನಕ್ಕರು. "ಮಾಷ್ಟ್ರೇ, ತಂಡೇಲ ಅದನ್ನು ಓದಿ ಮುಗಿಸುವುದರೊಳಗೆ ನೀರು ಹೊಕ್ಕಿ ಆಗಿರುತ್ತದೆ." ಆಮೇಲೆ ನಾವಿಬ್ಬರೂ ಕೂಡಿಯೇ ಮಾಡಿದೆವು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ:

ಮೊದಲು ಪೈಪು ಕಟ್ಟು, ಮತ್ತೆ ಹಗ್ಗ.
ಮೆಲ್ಲ ಎಳೆ.
ನೀರು ಹೊಕ್ಕರೆ ಬಟನ್ ಮುಟ್ಟಬೇಡ.

ಹಗ್ಗ ಕಟ್ಟುವ ಬಳೆಯ ಪಕ್ಕದಲ್ಲಿ, ದೂರದಿಂದಲೂ ಕಾಣುವಂತೆ, ಹಳದಿಯ ಮೇಲೆ ಕಪ್ಪಕ್ಷರದಲ್ಲಿ ಅದು ಇದೆ. ಒಂದು ಸೀಸನ್ ಓಡಿದೆ; ಅಡವಿಟ್ಟ ಬಳೆಗಳು ಇನ್ನೂ ಬಿಡಿಸಿಕೊಂಡಿಲ್ಲ, ಆದರೆ ಕಂತು ಒಂದೂ ತಪ್ಪಿಲ್ಲ. ತೀರದಲ್ಲಿ ಇಂಥ ಗಾಡಿ ಇಟ್ಟಿರುವ ಇನ್ನೂ ಇಬ್ಬರು ಆ ಸ್ಟಿಕರನ್ನು ಕೇಳಿ ಪಡೆದಿದ್ದಾರೆಂದು ಶಿಷ್ಯ ಹೇಳಿದ.